ವಾಟೆಹುಳಿ ಹಚ್ಚಿದ ಖಡ್ಗ

ಹಿಸ್ಸೆಯಾದಾಗ ಶಾಂತಾರಾಮ ಹೆಗಡೆಯವರ ಪಾಲಿಗೆ ಅಜ್ಜನ ಕಾಲದ ಹಿತ್ತಾಳೆ ಗುರಾಣಿ ಬಂತು, ತಮ್ಮನ ಪಾಲಿಗೆ ಉಕ್ಕಿನ ಖಡ್ಗ. ಅಂದಿನಿಂದ ಶಾಂತಾರಾಮರ ಹೆಂಡತಿ ಪರಿಮಳೆಯ ಹೊಟ್ಟೆಗೆ ಬೆಂಕಿ ಬಿತ್ತು ನೋಡಿ. ಹೆಗಡೆಕಟ್ಟಾದಲ್ಲಿ ಎರಡು ಮನೆಗಳಿಗೂ ಒಂದೇ ಅಂಗಳ. ಆಯುಧಪೂಜೆಗೆ ಬಂದವರು ಇವಳ ಗುರಾಣಿಗೆ ಒಂದು ಹೂವು ಹಾಕಿ, ಖಡ್ಗ ನೋಡಲು ಆಚೆ ಮನೆಗೆ ಹೋಗಿ, ಅಲ್ಲೇ ಎಲೆಯಡಿಕೆಯ ಕವಳ ಹಾಕುತ್ತ ಕೂತುಬಿಡುತ್ತಿದ್ದರು.

೧೯೯೮ರಲ್ಲಿ ಶಿರಸಿಯಲ್ಲಿ ಹಳೆಯ ಆಯುಧಗಳ ಪ್ರದರ್ಶನ ಎಂದಾಯಿತು. ಒಂದು ಮನೆತನದಿಂದ ಒಂದೇ ವಸ್ತು; ಆರಿಸಲು ಧಾರವಾಡದಿಂದ ಇತಿಹಾಸದ ಮೇಷ್ಟ್ರು ಬರುವವರಿದ್ದರು. ಏನೇ ಆಗಲಿ, ತನ್ನ ಗುರಾಣಿಯೇ ಹೋಗಬೇಕು ಎಂದು ಪರಿಮಳೆ ಹಟ ಹಿಡಿದಳು.

ಮೇಷ್ಟ್ರು ಬರುವ ದಿನ ಬೆಳಿಗ್ಗೆ ವಾರಗಿತ್ತಿ ಗೋದಾವರಿಯೇ ಖಡ್ಗ ಹಿಡಿದು ಬಂದಳು.

"ಅಕ್ಕಾ, ಯಂಗೆ ಕೈ ಉಳುಕಿದ್ದು. ಇದನ್ನ ಬೂದಿ ಹಾಕಿ ತಿಕ್ಕಿ ಕೊಡ್ತ್ಯನೇ?"

"ಇಟ್ಟಿಕ್ಕೆ ಹೋಗು, ಆನು ನೋಡ್ಕತ್ತೆ," ಎಂದಳು ಪರಿಮಳೆ.

ಹುಳಿಗೆ ಹಿತ್ತಾಳೆ ಬೆಳಗುತ್ತದೆ, ಕಬ್ಬಿಣ ಕಪ್ಪಾಗುತ್ತದೆ. ಇದು ಬಚ್ಚಲಲ್ಲಿ ಪಾತ್ರೆ ತಿಕ್ಕಿದ ಯಾವ ಹೆಂಗಸಿಗೆ ಗೊತ್ತಿಲ್ಲ? ಪರಿಮಳೆ ಬೂದಿ ಮುಟ್ಟಲೇ ಇಲ್ಲ. ಸಾರಿಗೆಂದು ಒಣಗಿಸಿಟ್ಟ ವಾಟೆಹುಳಿ ನೆನೆಸಿ, ದಪ್ಪಗೆ ಕಿವುಚಿ, ಖಡ್ಗದ ಉದ್ದಕ್ಕೂ ಬಳಿದಳು. ಅನ್ನ ಬೇಯುವಷ್ಟು ಹೊತ್ತು ಬಿಟ್ಟು ತೊಳೆದರೆ ಮಾಸಿ ಕಪ್ಪಿಟ್ಟಿತ್ತು. ಎಣ್ಣೆ ಸವರಿ, ಬಟ್ಟೆ ಸುತ್ತಿ ಕೊಟ್ಟು ಬಂದಳು. ಮನಸ್ಸಿಗೆ ಹಾಯೆನಿಸಿತು.

ಮಧ್ಯಾಹ್ನ ಮೇಷ್ಟ್ರು ಮೊದಲು ಗುರಾಣಿ ನೋಡಿದರು. "ಚಲೋ ಐತ್ರಿ. ಆದ್ರ ಇಂಥಾವು ಬಾಳ ಸಿಗತಾವ." ಆಮೇಲೆ ಖಡ್ಗದ ಬಟ್ಟೆ ಬಿಚ್ಚಿ, ಬಿಸಿಲಿಗೆ ಹಿಡಿದವರು ಹಾಗೇ ನಿಂತುಬಿಟ್ಟರು. ಕಪ್ಪಿನ ನಡುವೆ ಹೊಳೆನೀರಿನಂಥ ಸಣ್ಣ ಸಣ್ಣ ತೆರೆಗಳು ಎದ್ದಿದ್ದವು.

"ಇದು ಮಣ್ಣಿನ ಮೂಸಿಯೊಳಗ ಕರಗಿಸಿದ ಹಳೇ ಉಕ್ಕು. ಹುಳಿ ತಾಗಿದ್ರನ ಈ ತೆರಿ ಕಾಣತಾವ. ಇಷ್ಟು ವರ್ಷ ಬೂದಿ ತಿಕ್ಕಿ ಅಳಿಸಿಬಿಟ್ಟಿದ್ರಿ. ಈಗ ಯಾರು ತೊಳದ್ರಿ?"

"ನಮ್ಮ ಅಕ್ಕ," ಎಂದಳು ಗೋದಾವರಿ, ಕಣ್ಣು ತುಂಬಿ.

ಖಡ್ಗವೇ ಆಯ್ಕೆಯಾಯಿತು. ಮೇಷ್ಟ್ರು ಹೋದ ಮೇಲೆ ಗೋದಾವರಿ ಖಡ್ಗ ಹಿಡಿದು ಗಂಡನ ಜೊತೆ ಅಂಗಳ ದಾಟಿ ಬಂದಳು.

"ಅಕ್ಕಾ, ಯಂಗೊಕ್ಕೆ ಇದರ ಬೆಲೆಯೇ ಗೊತ್ತಿತ್ತಿಲ್ಲೆ. ಪ್ರದರ್ಶನ ಮುಗಿದ್ಮೇಲೆ ಇದು ನಿನ್ನ ಮನೇಲೇ ಇರ್ಲಿ. ಶಿರಸಿಲಿ ನಿಂಗಳ ಹೆಸರೇ ಬರೆಸ್ತ್ಯ. ಇವ್ರೂ ಒಪ್ಪಿದ್ರು."

ಪರಿಮಳೆ ಜಗಲಿಯ ಮೇಲೆ ಕೂತುಬಿಟ್ಟಳು. ಗೋದಾವರಿ ಉಳುಕಿದ ಕೈಯಲ್ಲೇ ಖಡ್ಗವನ್ನು ಅವಳ ತೊಡೆಯ ಮೇಲಿಟ್ಟು, ಹಗುರಾಗಿ ನಗುತ್ತ ಮನೆಗೆ ಹೋದಳು. ಆ ನಗು ತನಗೆ ಈ ಜನ್ಮದಲ್ಲಿ ಬರುವುದಿಲ್ಲವಲ್ಲ ಎಂದು ಪರಿಮಳೆಗೆ ಮೊದಲಿಗಿಂತ ಜಾಸ್ತಿ ಹೊಟ್ಟೆ ಉರಿಯಿತು.