ನಾನೂರ ಹದಿನೇಳರ ಕಾವಲು

ಪಟ್ಟಿ ಮೇಷ್ಟ್ರು ಯಾವ ಬಾಗಿಲನ್ನೂ ತಾವು ಮೊದಲು ದಾಟಿದವರಲ್ಲ. ಬಾಗಿಲು ತೆರೆಯುವರು, ಬಲಗೈಯಲ್ಲಿ ಅದನ್ನು ಹಿಡಿದು ಗೋಡೆಗೆ ಬೆನ್ನು ತಾಗುವಂತೆ ಪಕ್ಕಕ್ಕೆ ಸರಿಯುವರು, ತಲೆಯನ್ನು ಒಂದಿಷ್ಟು ಬಾಗಿಸಿ ನಿಲ್ಲುವರು, ಆಮೇಲೆ ತಾವು ಒಳಗೆ ಹೋಗುವರು. ಹಿಂದೆ ಯಾರಾದರೂ ಬರುತ್ತಿದ್ದರೆ ಇದು ಬರೀ ಮರ್ಯಾದೆ ಅನ್ನಬಹುದಿತ್ತು. ಆದರೆ ಉದ್ದನೆಯ ಕಾರಿಡಾರು ಆ ತುದಿಯಿಂದ ಈ ತುದಿಯವರೆಗೆ ಖಾಲಿ ಬಿದ್ದಿದ್ದಾಗಲೂ ಅವರು ಹಾಗೆಯೇ ನಿಲ್ಲುತ್ತಿದ್ದರು. ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲ ವಾರ ಇದನ್ನು ಕಂಡು ನಗುತ್ತಿದ್ದರು. ಎರಡನೆಯ ವಾರದಿಂದ ಅವರ ಜೊತೆ ಒಂದೇ ಬಾಗಿಲಲ್ಲಿ ಹೋಗುವುದನ್ನು ತಪ್ಪಿಸಿಕೊಳ್ಳುತ್ತಿದ್ದರು.

"ಯಾರಿಗೆ ಮೇಷ್ಟ್ರೇ ದಾರಿ ಬಿಡೋದು?" ಎಂದು ನಾನೊಮ್ಮೆ ಕೇಳಿದ್ದೆ.

"ರೂಢಿ ಕಣಯ್ಯ" ಎಂದು ಒಳಗೆ ಹೋದರು.

ಅವರು ಪಾಠ ಹೇಳಿದ ಮೇಷ್ಟ್ರಲ್ಲ. ನಮ್ಮ ವಿಮಾನ ಕಂಪನಿಯ ವೇಳಾಪಟ್ಟಿ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು, ಯಾವ ವಿಮಾನ ಯಾವ ನಂಬರಿನಲ್ಲಿ ಎಷ್ಟು ಗಂಟೆಗೆ ಹೊರಡಬೇಕು, ಎಷ್ಟಕ್ಕೆ ಇಳಿಯಬೇಕು ಎಂದು ವರ್ಷಕ್ಕೆರಡು ಸಲ ಪಟ್ಟಿ ಕಟ್ಟಿದವರು. ನಾವು ಮಾಡಿಕೊಟ್ಟ ಕರಡನ್ನು ಕೆಂಪು ಪೆನ್ಸಿಲಿನಿಂದ ತಿದ್ದಿ, ಪಕ್ಕದಲ್ಲಿ ಅಂಕವನ್ನೂ ಹಾಕಿ ಕೊಡುತ್ತಿದ್ದರಿಂದ ಆ ಹೆಸರು ಅಂಟಿತ್ತು. ನನಗೆ ಹತ್ತಕ್ಕೆ ಆರಕ್ಕಿಂತ ಹೆಚ್ಚು ಎಂದೂ ಬರಲಿಲ್ಲ. ಕಂಪನಿ ಸಮವಸ್ತ್ರದ ಬಣ್ಣವನ್ನು ಮೂರು ಸಲ ಬದಲಿಸಿತು. ಅವರು ಮಾತ್ರ ಮೊದಲ ಬೂದು ಕೋಟನ್ನೇ ತೊಡುತ್ತಿದ್ದರು. ನಿಯಮಕ್ಕೆ ತಲೆಬಾಗಿ ಜೇಬಿನ ಮೇಲಿನ ಹಳೆಯ ಲಾಂಛನದ ಹೊಲಿಗೆ ಬಿಚ್ಚಿಸಿದ್ದರು ನಿಜ, ಆದರೆ ಬಿಸಿಲು ಕಾಣದ ಆ ತುಂಡು ಬಟ್ಟೆ ಗಾಢವಾಗಿಯೇ ಉಳಿದು, ಇಲ್ಲದ ಲಾಂಛನದ ರೆಕ್ಕೆಗಳು ದೂರದಿಂದಲೂ ಕಾಣುತ್ತಿದ್ದವು.

ಐದು ನಿಮಿಷ, ಹತ್ತು ನಿಮಿಷ ಎಂಬ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಕಾಫಿಗೆ ಕರೆದರೆ "ಹನ್ನೊಂದು ನಿಮಿಷ ತಾಳು" ಎನ್ನುವರು, ಹನ್ನೊಂದಕ್ಕೆ ಸರಿಯಾಗಿ ಏಳುವರು. "ಇವರು ಸ್ನಾನಕ್ಕೆ ಹೋದ್ರೂ ಹೊರಡೋ ಹೊತ್ತು, ತಲುಪೋ ಹೊತ್ತು ಹೇಳಿಯೇ ಹೋಗ್ತಾರೆ. ಮಧ್ಯೆ ಸೋಪು ಖಾಲಿ ಆದ್ರೆ ನಮ್ಮ ಗತಿ ಮುಗೀತು" ಎಂದು ಅತ್ತಿಗೆ ನಗುತ್ತಿದ್ದರು. ಮೇಷ್ಟ್ರ ಹೆಂಡತಿಯನ್ನು ನಾನು ಮೊದಲಿನಿಂದ ಕರೆದದ್ದು ಹಾಗೆ. ಆ ಮನೆಯ ಊಟದ ಮೇಜಿಗೆ ನನ್ನದೊಂದು ಕುರ್ಚಿ ಇತ್ತು, ಈಗಲೂ ಇದೆ.

ನಮ್ಮ ಕಂಪನಿಯೂ ಪೈಪೋಟಿಗಿದ್ದ ಎದುರು ವಿಮಾನ ಕಂಪನಿಯೂ ಒಂದಾಗುತ್ತವಂತೆ ಎಂಬ ಮಾತು ಹುಟ್ಟಿದ್ದು ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ. ಗಾಳಿಯನ್ನೇ ನಂಬಿ ಹೊಟ್ಟೆ ಹೊರೆಯುವ ನಮಗೆ ಗಾಳಿಸುದ್ದಿ ಹೊಸದೇನೂ ಅಲ್ಲ. ಆದರೂ ಈ ಸಲ ಕ್ಯಾಂಟೀನಿನಲ್ಲಿ ದನಿ ತಗ್ಗಿತು.

"ಎರಡು ಜಡೆ ಎಲ್ಲಾದ್ರೂ ಸೇರಿದ್ದುಂಟಾ ಸಾರ್?" ಎಂದು ಕ್ಯಾಂಟೀನಿನವನು ಲೋಟ ಇಡುತ್ತ ಕೇಳಿದ.

"ಸೇರಿದ್ರೆ ಬೋಳಿಸೋದು ಯಾರ ತಲೆ ಅಂತ ಕೇಳು" ಎಂದ ಲಗೇಜು ವಿಭಾಗದವನು.

ಎಲ್ಲರೂ ನಕ್ಕರು. ಮೇಷ್ಟ್ರು ನಗಲಿಲ್ಲ. ಹೊರಗೆ ಬಂದ ಮೇಲೆ ನನಗೊಬ್ಬನಿಗೇ ಹೇಳಿದರು: "ಮುಂದಿನ ಪಟ್ಟೀಲಿ ಐನೂರರಿಂದ ಒಂಬೈನೂರರವರೆಗೆ ನಮ್ಮ ಒಂದು ನಂಬರೂ ಇರಬಾರದು ಅಂತ ಮೇಲಿಂದ ಚೀಟಿ ಬಂದಿದೆ. ಕಾರಣ ಬರೆದಿಲ್ಲ. ಎದುರು ಕಂಪನಿಯ ನಂಬರೆಲ್ಲ ಇರೋದು ಅಲ್ಲೇ. ಜಾಗ ಖಾಲಿ ಮಾಡಿಸ್ತಿದ್ದಾರೆ ಕಣಯ್ಯ. ನಿಶ್ಚಿತಾರ್ಥ ಆಗಿಹೋಗಿದೆ, ಮನೆಯೋರಿಗೆ ಹೇಳಿಲ್ಲ ಅಷ್ಟೆ."

ಅವರ ಮುಖ ಬಿಳಿಚಿತ್ತು. ಕೆಲಸ ಹೋದೀತೆಂಬ ದಿಗಿಲು ಎಂದುಕೊಂಡೆ. ನಿವೃತ್ತಿಗೆ ಏಳು ತಿಂಗಳಿದ್ದ ಮನುಷ್ಯನಿಗೆ ಅದೆಂಥ ದಿಗಿಲು ಎಂದು ಆಗ ನನಗೆ ಹೊಳೆಯಲಿಲ್ಲ.

ಎದುರು ಕಂಪನಿಯ ಒಂದೇ ಒಂದು ವಿಮಾನ ಮಾತ್ರ ಆ ಸಾಲಿನಿಂದ ಹೊರಗಿತ್ತು. ಅದರ ನಂಬರು ನಾನೂರ ಹದಿನೇಳು. ಆ ಕಂಪನಿ ಹುಟ್ಟಿದ ದಿನ ಹಾರಿಸಿದ ಮೊದಲ ವಿಮಾನ ಅದು. ಇಪ್ಪತ್ತೆಂಟು ವರ್ಷ ದಿನಾ ಬೆಳಿಗ್ಗೆ ಸಮುದ್ರದಂಚಿನ ಒಂದು ಊರಿಗೆ ಹೋಗಿ ಬರುತ್ತಿತ್ತು, ಒಂದು ಗೀರೂ ಬಿದ್ದಿರಲಿಲ್ಲ. ಅವರಿಗೆ ಅದು ಅದೃಷ್ಟದ ನಂಬರು. ನಮ್ಮಲ್ಲಿ ಆ ನಂಬರನ್ನು ಬಾಯಲ್ಲಿ ಹೇಳುವವರೇ ಇರಲಿಲ್ಲ.

ಬಿದ್ದ ವಿಮಾನದ ನಂಬರನ್ನು ಕಂಪನಿ ಮತ್ತೆ ಬಳಸುವುದಿಲ್ಲ. ಹಾಗೆಂದು ನಮ್ಮ ಯಾವ ಪುಸ್ತಕದಲ್ಲೂ ಬರೆದಿಲ್ಲ, ಆದರೂ ಯಾರೂ ಮೀರಿದ್ದಿಲ್ಲ. ನಮ್ಮಲ್ಲೂ ಒಂದು ನಾನೂರ ಹದಿನೇಳು ಇತ್ತು, ಅದು ಬಿದ್ದು ಆಗ ಇಪ್ಪತ್ತೆರಡು ವರ್ಷ. ಅರವತ್ತಮೂರು ಜನ, ಒಬ್ಬರೂ ಉಳಿಯಲಿಲ್ಲ. ಕಂಪ್ಯೂಟರಿನಲ್ಲಿ ಆ ನಂಬರನ್ನು ಸುಮ್ಮನೆ ಬಿಟ್ಟರೆ, ಖಾಲಿ ಇದೆಯೆಂದುಕೊಂಡು ಸಂಗತಿ ಗೊತ್ತಿಲ್ಲದವನೊಬ್ಬ ಎಂದಾದರೂ ಎತ್ತಿಕೊಂಡಾನು. ಅದಕ್ಕೆ ಮೇಷ್ಟ್ರು ಒಂದು ಉಪಾಯ ಮಾಡಿದ್ದರು. ಪ್ರತಿ ಪಟ್ಟಿಯಲ್ಲೂ ನಾನೂರ ಹದಿನೇಳಕ್ಕೆ ಒಂದು ಸಾಲು ತೆರೆದು, ಹೊರಡುವ ಊರು ಬರೆಯದೆ, ಸೇರುವ ಊರು ಬರೆಯದೆ, ಹೊತ್ತು ಬರೆಯದೆ, 'ಪ್ರತಿದಿನ' ಎಂದಷ್ಟೇ ತುಂಬಿ ಬೀಗ ಹಾಕಿಬಿಡುತ್ತಿದ್ದರು. ಹೀಗೆ ನಮ್ಮ ಲೆಕ್ಕದಲ್ಲಿ ವಿಮಾನವೊಂದು ದಿನವೂ ಎಲ್ಲಿಂದಲೂ ಹೊರಡದೆ, ಎಲ್ಲಿಗೂ ತಲುಪದೆ ಇಪ್ಪತ್ತೆರಡು ವರ್ಷ ಹಾರಾಡುತ್ತಲೇ ಇತ್ತು.

ಕಂಪನಿಗಳು ಸೇರಿದರೆ ಉಳಿಯುವ ಹೆಸರು ನಮ್ಮದು, ಅವರ ವಿಮಾನಗಳು ಹಾರುವುದು ಮಾತ್ರ ಅವರದೇ ನಂಬರಿನಲ್ಲಿ. ಅಂದರೆ ಯಾವುದೋ ಬೆಳಿಗ್ಗೆ, ಯಾವುದೋ ನಿಲ್ದಾಣದಲ್ಲಿ, ನಮ್ಮ ಹೆಸರಿನ ಜೊತೆ ಆ ನಂಬರನ್ನು ಮತ್ತೆ ಕೂಗುತ್ತಾರೆ. ಅದಾಗಬಾರದೆಂದು ಮೇಷ್ಟ್ರು ಮೇಲಿನವರಿಗೆ ಪತ್ರ ಬರೆದರು. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಒಂದು ಸಾಲು ಬಂತು: 'ಅಂತಹ ಯಾವ ಪ್ರಸ್ತಾಪವೂ ಇಲ್ಲವಾದ್ದರಿಂದ ತಮ್ಮ ಆಕ್ಷೇಪಣೆಯು ಉದ್ಭವಿಸುವುದಿಲ್ಲ.'

"ಇಲ್ಲದ ಮದುವೆಗೆ ತಕರಾರು ಹಾಕೋದು ಹೆಂಗಯ್ಯ?" ಎಂದು ಆ ಕಾಗದವನ್ನು ನನ್ನ ಮುಂದೆ ಇಟ್ಟರು. ಅಂದೇ ಮೊದಲ ಬಾರಿಗೆ ಉಳಿದದ್ದನ್ನೂ ಹೇಳಿದರು.

ನಾನೂರ ಹದಿನೇಳು ಮೊದಲು ಹೊರಡುತ್ತಿದ್ದದ್ದು ಸಂಜೆ ನಾಲ್ಕೂ ಐದಕ್ಕೆ. ಇನ್ನೊಂದು ಊರಿನಿಂದ ಮೂರೂ ಐವತ್ತಕ್ಕೆ ಇಳಿದವರಿಗೆ ಅದು ಕಣ್ಣೆದುರೇ ತಪ್ಪಿಹೋಗುತ್ತಿತ್ತು. ಜನ ಗೊಣಗುತ್ತಿದ್ದರು. ಮೇಷ್ಟ್ರು ಆಗ ಹುರುಪಿನ ಆಳು. ಇಡೀ ಪಟ್ಟಿಯನ್ನು ಬಿಚ್ಚಿ ಕಟ್ಟಿ, ಬೇರೆ ಯಾವ ವಿಮಾನಕ್ಕೂ ಧಕ್ಕೆಯಾಗದಂತೆ ಅದನ್ನು ಇಪ್ಪತ್ತು ನಿಮಿಷ ಮುಂದಕ್ಕೆ ಹಾಕಿದರು. ಕಂಪನಿ ಮೆಚ್ಚಿ ಪ್ರಶಂಸಾಪತ್ರ ಕೊಟ್ಟಿತು. ಅದಾದ ಆರನೆಯ ದಿನ ವಿಮಾನ ಬಿತ್ತು. ತನಿಖೆ ಎಂಜಿನ್ನಿನ ದೋಷ ಎಂದಿತು. ಮುನ್ನೂರು ಪುಟದ ವರದಿಯಲ್ಲಿ ಮೇಷ್ಟ್ರ ಹೆಸರು ಒಂದು ಕಡೆಯೂ ಇಲ್ಲ. ಆದರೆ ಪ್ರಯಾಣಿಕರ ಪಟ್ಟಿಯನ್ನು ಅವರು ತಮ್ಮದೇ ರೀತಿಯಲ್ಲಿ ಓದಿದ್ದರು. ಅರವತ್ತಮೂರರಲ್ಲಿ ಏಳು ಜನ ಮೂರೂ ಐವತ್ತರ ವಿಮಾನದಿಂದ ಇಳಿದು ಓಡೋಡಿ ಬಂದು ಹತ್ತಿದವರು.

"ನಾನು ಸುಮ್ನೆ ಕೂತಿದ್ರೆ ಅವರಿಗೆ ವಿಮಾನ ತಪ್ಪೋದು. ನಮ್ಮನ್ನ ಬಾಯಿಗೆ ಬಂದಂಗೆ ಬೈಕೊಂಡು ಯಾವುದಾದ್ರೂ ಲಾಡ್ಜಲ್ಲಿ ಬಿದ್ಕೊಂಡಿರೋರು" ಎಂದರು. ಆ ಕಾಗದವನ್ನು ಮಡಚಿ ಜೇಬಿಗಿಡುತ್ತ, "ಬೈಗುಳ ತಿನ್ನಬಹುದಾಗಿತ್ತು" ಎಂದರು.

ಮಾತು ಮುಗಿದು ಇಬ್ಬರೂ ಎದ್ದೆವು. ಅವರು ಬಾಗಿಲು ತೆರೆದು ಗೋಡೆಗೆ ಸರಿದು ನಿಂತರು. ನಾನು ದಾಟಿ ಹೋಗಿ ತಿರುಗಿ ನೋಡಿದೆ. ಅವರು ಇನ್ನೂ ನಿಂತೇ ಇದ್ದರು. ನನಗರಿವಿಲ್ಲದೆಯೇ ಎಣಿಸತೊಡಗಿದ್ದೆ. ಒಬ್ಬೊಬ್ಬರಾಗಿ ಏಳು ಜನ ದಾಟಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಅದು. ಕೊನೆಯವರು ಸ್ವಲ್ಪ ನಿಧಾನ ಎಂದು ಕಾಣುತ್ತದೆ.

ಅದಾಗಿ ಮೂರನೆಯ ಭಾನುವಾರ ಮಧ್ಯಾಹ್ನ 'ಕಂಪ್ಯೂಟರ್ ಪರಿಶೀಲನೆ' ಎಂಬ ನೆಪದಲ್ಲಿ ಮೇಷ್ಟ್ರನ್ನೂ ನನ್ನನ್ನೂ ಕರೆಸಿದರು. ಎದುರು ಕಂಪನಿಯ ವೇಳಾಪಟ್ಟಿ ನೋಡುವ ಹೆಣ್ಣುಮಗಳೊಬ್ಬಳು ಬಂದಿದ್ದಳು. ಇಬ್ಬರ ಪಟ್ಟಿಯನ್ನೂ ಒಂದರೊಳಗೊಂದು ಸುರಿದು, ಏನಾಗುತ್ತದೆಂದು ನೋಡಬೇಕಾಗಿತ್ತು. ಸೇರ್ಪಡೆಯ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ರಜೆಯ ದಿನವಾದ್ದರಿಂದ ಇಡೀ ಮಹಡಿಯಲ್ಲಿ ನಾವು ಮೂವರೇ. ಬಿಸಿಲು ಕುರ್ಚಿಗಳ ಮೇಲೆ ಬಿದ್ದಿತ್ತು.

"ನಿಮ್ಮ ನಾನೂರ ಹದಿನೇಳನ್ನ ಬಿಟ್ಟುಕೊಡೋಕಾಗುತ್ತೇನಮ್ಮ?" ಎಂದು ಮೇಷ್ಟ್ರು ಕೇಳಿದರು.

"ಅಯ್ಯೋ, ಅದು ನಮ್ಮ ಮೊದಲ ಕೂಸು ಸಾರ್. ನಮ್ಮೋರು ಪ್ರಾಣ ಬೇಕಾದ್ರೂ ಬಿಟ್ಟಾರು, ಅದನ್ನ ಬಿಡಲ್ಲ" ಎಂದು ನಗುತ್ತ ಗುಂಡಿ ಒತ್ತಿದಳು.

ಸಾಲುಗಳು ಪರದೆಯ ಮೇಲೆ ಮಳೆಯಂತೆ ಇಳಿದವು. ನಾನೂರರ ಹತ್ತಿರ ಬಂದು ನಿಂತವು. ಅಲ್ಲಿ ನಾನೂರ ಹದಿನೇಳು ಎರಡು ಸಲ ಇತ್ತು. ಒಂದು ಅವರದು. ಅದರ ಕೆಳಗಿನದು ನಮ್ಮದು, ಮೇಷ್ಟ್ರು ಬೀಗ ಹಾಕಿಟ್ಟದ್ದು. ಆದರೆ ಅದೀಗ ಖಾಲಿ ಇರಲಿಲ್ಲ. ಹೊರಡುವ ಹೊತ್ತು ೪.೨೫ ಎಂದಿತ್ತು. ಅದರ ಎದುರು, ಬೇರೆ ವಿಮಾನದಿಂದ ಬಂದು ಹತ್ತುವವರು ಎಂಬ ಕಡೆ, ೭ ಎಂದಿತ್ತು.

ಹೆಣ್ಣುಮಗಳ ನಗು ನಿಂತಿತು. "ಹೊತ್ತು ಬರೆಯದೆ ಇದ್ರೆ ಹಳೇ ದಾಖಲೆ ಹುಡುಕಿ ತುಂಬ್ಕೊಳ್ಳುತ್ತೆ ಸಾರ್, ಅದರ ಗುಣವೇ ಹಾಗೆ" ಎಂದಳು. ನಾನೂ ಹಾಗೆಯೇ ಎಂದುಕೊಂಡೆ. ಇಂದಿಗೂ ಹಾಗೆಯೇ ಅಂದುಕೊಳ್ಳುತ್ತೇನೆ. ಆದರೆ ಆ ಕೋಣೆ ಇದ್ದಕ್ಕಿದ್ದಂತೆ ತುಂಬಿದ ಹಾಗೆ, ಉಸಿರಿಗೆ ಜಾಗ ಕಡಿಮೆಯಾದ ಹಾಗೆ ಅನ್ನಿಸಿದ್ದು ಸುಳ್ಳಲ್ಲ.

ಮೇಷ್ಟ್ರು ಹೆದರಲಿಲ್ಲ. ಬಹಳ ಹೊತ್ತು ನೋಡಿ, "ಇನ್ನೂ ಕೂತಿದ್ದಾರೆ" ಎಂದರು. ಕುರ್ಚಿ ಎಳೆದುಕೊಂಡು ಕೂತು ಬೀಗ ತೆಗೆದರು. ೪.೨೫ನ್ನು ಅಳಿಸಿ ೪.೦೫ ಎಂದು ಹಾಕಿದರು. ಪರದೆ ಒಮ್ಮೆ ಮಿನುಗಿತು. ಏಳು ಇದ್ದ ಕಡೆ ಸೊನ್ನೆ ಬಂತು.

ಆ ಹೆಣ್ಣುಮಗಳಿಗೆ ಏನೂ ಗೊತ್ತಿರಲಿಲ್ಲ, ಆದರೂ ಅವಳ ಕೈ ಬಾಯಿಯ ಮೇಲಿತ್ತು.

"ಇದನ್ನ ಉಳಿಸೋಕಾಗುತ್ತಾ?" ಎಂದು ಮೇಷ್ಟ್ರು ಕೇಳಿದರು.

"ಇದು ಬರೀ ಪರೀಕ್ಷೆ ಸಾರ್. ಆರು ಗಂಟೆಗೆ ತಾನಾಗೇ ಅಳಿಸಿಹೋಗುತ್ತೆ."

"ಆರರವರೆಗಾದ್ರೂ ಇರಲಿ ಬಿಡಮ್ಮ."

ಗಂಟೆ ಮೂರೂ ಹತ್ತಾಗಿತ್ತು. ನಾವು ಮೂವರೂ ಆರರವರೆಗೆ ಆ ಸೊನ್ನೆಯ ಮುಂದೆ ಕೂತಿದ್ದೆವು. ಮೇಷ್ಟ್ರು ಅವಳಿಗೆ ಎಲ್ಲವನ್ನೂ ಹೇಳಿದರು. ಅಷ್ಟು ಸಲೀಸಾಗಿ ಅವರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಆಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಒಂದು ಬೆಳಿಗ್ಗೆ ಪತ್ರಿಕೆ ಓದುತ್ತ ಕೂತಲ್ಲೇ ಹೋದರು. ಸೇರ್ಪಡೆ ಬರೀ ವದಂತಿ ಎಂದು ಎರಡೂ ಕಂಪನಿಗಳು ಮತ್ತೊಮ್ಮೆ ಹೇಳಿದ್ದು ಅದೇ ಪತ್ರಿಕೆಯ ಒಳಪುಟದಲ್ಲಿತ್ತು. "ಎಷ್ಟು ಹೊತ್ತಾಗುತ್ತೆ ಅಂತ ಹೇಳದೆ ಹೋಗಿದ್ದು ಇದೊಂದೇ ಸಲ ಕಣಪ್ಪ" ಎಂದು ಅತ್ತಿಗೆ ಅತ್ತರು.

ನಾಲ್ಕು ತಿಂಗಳಿಗೆ ವದಂತಿ ನಿಜವಾಯಿತು. ಒಂದಾದ ಕಂಪನಿಯ ಮೊದಲ ಪಟ್ಟಿಗೆ ಸಹಿ ಹಾಕಬೇಕಾದವರು ನಾನು ಮತ್ತು ಆ ಹೆಣ್ಣುಮಗಳು. ನಾನು ಬಾಯಿ ತೆರೆಯುವ ಮೊದಲೇ ಅವಳು ತಮ್ಮ ಮೊದಲ ಕೂಸಿಗೆ ಬೇರೆ ನಂಬರು ಕೊಟ್ಟಾಗಿತ್ತು. "ನಮ್ಮೋರು ಒಂದು ವಾರದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ" ಎಂದಳು. "ಕಾರಣ ಏನಂತ ಹೇಳಿದೆಯಮ್ಮ?" ಎಂದೆ. "ಆ ನಂಬರಲ್ಲಿ ಆಗಲೇ ಜನ ಇದ್ದಾರೆ ಅಂದೆ" ಎಂದಳು.

ತಪ್ಪು ಮಾಡಿ ನರಳುವವರನ್ನು ಲೋಕ ಬಲ್ಲದು. ಅವರಿಗೆ ನ್ಯಾಯಾಲಯಗಳಿವೆ, ದಂಡವಿದೆ, ಕ್ಷಮೆಯೂ ಇದೆ. ತಮ್ಮ ಕೆಲಸವನ್ನು ಸರಿಯಾಗಿ ಮಾಡಿ, ಅದಕ್ಕಾಗಿ ಹೊಗಳಿಸಿಕೊಂಡು, ಆ ಸರಿಯ ಭಾರದಲ್ಲೇ ಒಂದು ಆಯುಷ್ಯ ಕಳೆಯುವ ಮನುಷ್ಯರೂ ಇರುತ್ತಾರೆ. ಅವರ ಮೇಲೆ ಆರೋಪ ಹೊರಿಸುವವರೇ ಇಲ್ಲವಾದ್ದರಿಂದ ಬಿಡುಗಡೆ ಮಾಡುವವರೂ ಇಲ್ಲ. ಎಲ್ಲ ಕಚೇರಿಗಳಲ್ಲೂ ಅಂಥವರೊಬ್ಬರು ಕೂತಿರುತ್ತಾರೆ ಎಂದು ಈಗ ನನಗೆ ಅನ್ನಿಸುತ್ತದೆ. ಅವರು ಬದುಕಿರುವಾಗ ನಾವು ಅವರ ವಿಚಿತ್ರಗಳನ್ನು ಎಣಿಸಿ ನಗುತ್ತೇವೆ, ಹೋದ ಮೇಲೆ ಅವರು ಕಾಯುತ್ತಿದ್ದದ್ದನ್ನು ಯಾರಾದರೂ ಕಾಯಲೇಬೇಕು ಎಂದು ತಿಳಿದು ಅವರ ಕುರ್ಚಿಯಲ್ಲಿ ಕೂರುತ್ತೇವೆ.