ಮುಳ್ಳು ಕೊಟ್ಟ ಮಾತು

ಶನಿವಾರ ಮಧ್ಯಾಹ್ನ ಮೊದಲ ಸುತ್ತು ಮುಗಿದ ಮೇಲೆ ಎಲ್ಲರೂ ಇಂಜಿನ್ ಆರಿಸಿ ಒಂದು ಗಂಟೆ, ತೀರಿಕೊಂಡ ಗೆಳೆಯ ಮುಳ್ಳನ್ನು ನೆನೆಯಬೇಕೆಂದು ತೀರ್ಮಾನವಾಗಿತ್ತು. ರೇಸಿನ ಮಂದಿಗೆ ಒಂದು ಗಂಟೆ ಸುಮ್ಮನೆ ಕೂರುವುದೆಂದರೆ ಜೈಲುವಾಸ. ಆದರೂ ಯಾರೂ ತಕರಾರು ಮಾಡಲಿಲ್ಲ. ಮೊದಲು ವೆಲ್ಡರನೇ ಮಾತಾಡಬೇಕೆಂದು ಮುಳ್ಳಿನ ಹೆಂಡತಿ ವಾರದ ಹಿಂದೆಯೇ ಫೋನ್ ಮಾಡಿ ಹೇಳಿದ್ದಳು. ವೆಲ್ಡರ್ "ಆಗ್ಲಿ ಅತ್ತಿಗೆ" ಎಂದುಬಿಟ್ಟಿದ್ದ. ಅಂದಿನಿಂದ ಅವನಿಗೆ ಸರಿಯಾಗಿ ಊಟ ಸೇರಿರಲಿಲ್ಲ. ಸಾಯುವ ಮುಂಚಿನ ಹತ್ತು ತಿಂಗಳು ಯಾವನ ಜೊತೆ ಮಾತು ಬಿಟ್ಟಿದ್ದನೋ ಅವನ ಬಗ್ಗೆ ಮೈಕ್ ಹಿಡಿದು ಏನೆಂದು ಹೇಳುವುದು?

ಮಾತಾಡುವ ಮೊದಲು ಅವನಿಗೆ ಒಂದು ಸಂಗತಿ ಗೊತ್ತಾಗಬೇಕಿತ್ತು. ಕಳೆದ ವರ್ಷದ ಫೈನಲ್ಲಿನಲ್ಲಿ ಮುಳ್ಳು ಬೇಕೆಂದೇ ಸೋತನೇ? ಹೌದು ಎಂದಾದರೆ ತನ್ನ ಸಿಟ್ಟಿಗೆ ಅರ್ಥವಿತ್ತು. ಅಲ್ಲ ಎಂದಾದರೆ ಏನು ಎಂಬುದನ್ನು ಯೋಚಿಸುವ ಧೈರ್ಯ ಅವನಿಗಿರಲಿಲ್ಲ. ಇನ್ನು ಅದನ್ನು ಹೇಳಬಲ್ಲವಳು ಮುಳ್ಳಿನ ಹೆಂಡತಿಯೊಬ್ಬಳೇ.

ಮುಳ್ಳು ಗಡಿಯಾರ ರಿಪೇರಿಯವನು. ಮೆಟ್ಟಿಲ ಕೆಳಗಿನ ಅಂಗಡಿ, ಒಂದು ಮೇಜು, ಒಂದು ದೀಪ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ. ಗಡಿಯಾರದ ಮುಳ್ಳಿನ ಹಾಗೆ ಹೊತ್ತು ತಪ್ಪದವನು ಎಂದು ಆ ಹೆಸರು ಬಂತೆಂದು ಅವನೇ ಹೇಳಿಕೊಳ್ಳುತ್ತಿದ್ದ. ಮಾತಾಡಿದರೆ ಚುಚ್ಚುತ್ತಾನೆ, ಅದಕ್ಕೇ ಬಂತು ಎಂದು ಉಳಿದವರು ಹೇಳುತ್ತಿದ್ದರು. ಎರಡೂ ನಿಜವೇ. ವೆಲ್ಡರನ ಶೆಡ್ಡಿಗೂ ಆ ಅಂಗಡಿಗೂ ನಡುವೆ ಒಂದು ರಸ್ತೆ ಮಾತ್ರ ಇತ್ತು. ಇಪ್ಪತ್ತೆರಡು ವರ್ಷ ಇಬ್ಬರೂ ಸಂಜೆಯ ಚಹಾವನ್ನು ಜಗಳವಾಡದೆ ಕುಡಿದವರಲ್ಲ.

ಇವರ ಓಟದ ರೀತಿ ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಹಳೆಯ ವಿಮಾನ ಇಳಿದಾಣ, ನಾನೂರು ಮೀಟರ್ ನೇರ ದಾರಿ, ಅಕ್ಕಪಕ್ಕ ಎರಡು ಗಾಡಿ. ಅಷ್ಟು ದೂರವನ್ನು ಎಷ್ಟು ಸೆಕೆಂಡಿನಲ್ಲಿ ಮುಟ್ಟುತ್ತೇನೆಂದು ಪ್ರತಿಯೊಬ್ಬನೂ ಮೊದಲೇ ಗಾಡಿಯ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಯಬೇಕು. ಅದಕ್ಕೆ ಅವರು 'ಮಾತು' ಎನ್ನುತ್ತಾರೆ. ನಿಧಾನದ ಗಾಡಿಗೆ ಎರಡು ಮಾತುಗಳ ಅಂತರದಷ್ಟು ಮೊದಲು ಹಸಿರು ದೀಪ. ಆಮೇಲೆ ಯಾರು ಮೊದಲು ಗೆರೆ ದಾಟಿದರೋ ಅವರದು ಗೆಲುವು. ಆದರೆ ಬರೆದದ್ದಕ್ಕಿಂತ ಬೇಗ ದಾಟಿದರೆ ಮಾತು ತಪ್ಪಿದ ಹಾಗೆ, ಸೋಲು. ಹೀಗಾಗಿ ಬೇಕರಿಯವನ ಹೊಸ ಗಾಡಿಗೂ ಮುಳ್ಳಿನ ಮೂವತ್ತು ವರ್ಷದ ಡಬ್ಬಕ್ಕೂ ಒಂದೇ ಅಂಕಣ. ಮುಳ್ಳಿನ ಗಾಜಿನ ಮೇಲೆ ಪ್ರತಿ ವರ್ಷವೂ ಹದಿನಾರು ನಲವತ್ತು ಎಂದೇ ಇರುತ್ತಿತ್ತು. ಹದಿನಾರು ಸೆಕೆಂಡು, ಅದರ ಮೇಲೆ ಸೆಕೆಂಡಿನ ನೂರರಲ್ಲಿ ನಲವತ್ತು ಪಾಲು. ಅವನು ಓಡಿಸಿದರೆ ಹದಿನಾರು ನಲವತ್ತೊಂದು, ಬಹಳವೆಂದರೆ ನಲವತ್ತೆರಡು. ವೆಲ್ಡರನ ಗಾಡಿ ಅದಕ್ಕಿಂತ ಒಂದೂವರೆ ಸೆಕೆಂಡು ಚುರುಕು. ಆದರೂ ಹನ್ನೊಂದು ಸಲ ಅವನೆದುರು ಫೈನಲ್ ಸೋತಿದ್ದ. ಸಿಟ್ಟು ಮೂಗಿನ ತುದಿಯಲ್ಲಿರುವವನು ಇಂಥ ಆಟ ಗೆಲ್ಲುವುದು ಕಷ್ಟ.

ಇನ್ನೊಂದು ರೂಢಿಯೂ ಇತ್ತು. ಗೆದ್ದವನು ತನ್ನ ಗಾಡಿಯಿಂದ ಇಳಿದು ಹೋಗಿ ಸೋತವನ ಗಾಡಿಯ ಬಾಗಿಲು ತೆಗೆಯಬೇಕು. ಹನ್ನೊಂದು ಸಲವೂ ಮುಳ್ಳು ಬಂದು ಬಾಗಿಲು ತೆಗೆದು, "ಇಳೀರಿ ಸಾಹೇಬ್ರೇ, ಊರು ಬಂತು" ಎಂದು ಚುಚ್ಚಿದ್ದ.

ಮೈಕ್ ಕ್ಷೌರದವನ ಕೈಯಲ್ಲಿತ್ತು. ವಾರವಿಡೀ ಒಂದೊಂದೇ ಕಿವಿಗೆ ಮಾತಾಡುವ ಅವನಿಗೆ ವರ್ಷಕ್ಕೆ ಈ ಎರಡು ದಿನ ಎಲ್ಲರ ಕಿವಿಯೂ ಒಟ್ಟಿಗೆ ಸಿಗುತ್ತಿತ್ತು. ಅವನು ವೆಲ್ಡರನನ್ನು ಕರೆದ. ವೆಲ್ಡರ್ "ಮೊದ್ಲು ಬೇರೆಯವರು ಹೇಳ್ಲಿ" ಎಂದು ಕೈಯಾಡಿಸಿ, ಶಾಮಿಯಾನದ ಕಂಬಕ್ಕೆ ಒರಗಿ ನಿಂತ.

ಬೇಕರಿಯವನು ಎದ್ದ. "ಒಂದ್ಸಲ ನನ್ ಗಾಡಿ ಏನ್ ಮಾಡಿದ್ರೂ ಸ್ಟಾರ್ಟ್ ಆಗ್ಲಿಲ್ಲ. ಬ್ಯಾಟರಿ ಬದಲಾಯಿಸ್ದೆ, ವೈರ್ ಬಿಚ್ಚಿ ಕಟ್ಟಿದೆ. ಮುಳ್ಳು ಬಂದು ಬಗ್ಗಿ ನೋಡಿ, 'ಗಾಡಿ ಚೆನ್ನಾಗಿದೆ ಕಣಯ್ಯಾ, ನೀನು ತಿರುಗಿಸ್ತಿರೋದು ಬ್ರೆಡ್ ವ್ಯಾನಿನ ಕೀ' ಅಂದ."

ಜನ ಬಿದ್ದುಬಿದ್ದು ನಕ್ಕರು. ಗಣಿತದ ಟೀಚರ್ ಮೈಕ್ ತೆಗೆದುಕೊಂಡಳು. ಆಕೆಯೂ ಓಡಿಸುವವಳೇ. "ನಮ್ಮನೆ ಗೋಡೆ ಗಡಿಯಾರ ಹಿಂದೆ ಬೀಳ್ತಿದೆ ಅಂತ ಕೊಟ್ಟಿದ್ದೆ. ಒಂದು ವಾರ ಇಟ್ಕೊಂಡು ವಾಪಸ್ ಕೊಟ್ರು. 'ಗಡಿಯಾರಕ್ಕೇನೂ ಆಗಿಲ್ಲ ಟೀಚರಮ್ಮ, ನೀವು ಮನೆಮಂದಿಯೇ ಹತ್ತು ನಿಮಿಷ ಹಿಂದಿದ್ದೀರಿ' ಅಂದ್ರು." ಮತ್ತೆ ನಗು. ಟೀಚರ್ ಮೈಕ್ ವಾಪಸು ಕೊಟ್ಟು ಕೂತಳು.

ವೆಲ್ಡರ್ ನಗಲಿಲ್ಲ. ಅವನ ಕಣ್ಣ ಮುಂದೆ ಕಳೆದ ವರ್ಷದ ಆ ಎರಡು ಕೆಂಪು ದೀಪಗಳಿದ್ದವು.

ಆ ಫೈನಲ್ಲಿನ ಹಿಂದಿನ ದಿನ ಚಹಾದ ಹೊತ್ತಿನಲ್ಲಿ ಅವನು ಮುಳ್ಳಿಗೆ ಮನಸ್ಸು ಬಿಚ್ಚಿದ್ದ. "ಕಣ್ಣು ಮಂಜಾಗ್ತಿದೆ ಕಣೋ. ವೆಲ್ಡಿಂಗ್ ಬೆಳಕು ತಿಂದುಹಾಕ್ತು. ಇದೇ ಕೊನೇ ವರ್ಷ. ಒಂದ್ಸಲ ನಿನ್ನ ಸೋಲಿಸಿಬಿಟ್ರೆ ಸಾಕು, ನೆಮ್ಮದಿಯಾಗಿ ಮನೇಲಿರ್ತೀನಿ." ಮುಳ್ಳು ಅಂದು ಚುಚ್ಚಲಿಲ್ಲ. ಚಹಾದ ಲೋಟವನ್ನೇ ನೋಡುತ್ತ, "ನೋಡೋಣ" ಎಂದ, ಅಷ್ಟೇ.

ಮರುದಿನ ಮುಳ್ಳು ಮೊದಲು ಹೊರಟ. ಒಂದೂವರೆ ಸೆಕೆಂಡಿನ ಮೇಲೆ ವೆಲ್ಡರ್. ಮುಕ್ಕಾಲು ದಾರಿಗೆ ಬಂದಾಗಲೂ ಆ ಡಬ್ಬ ನಾಲ್ಕು ಗಾಡಿಯಷ್ಟು ಮುಂದಿತ್ತು. ಹನ್ನೆರಡನೇ ಸೋಲು ಎಂದು ವೆಲ್ಡರ್ ಹಲ್ಲು ಕಚ್ಚಿದ. ಆಗ ಮುಳ್ಳಿನ ಗಾಡಿಯ ಹಿಂದೆ ಕೆಂಪು ದೀಪ ಹತ್ತಿತು. ಬ್ರೇಕ್. ಗೆರೆಗೆ ಇನ್ನೂ ನೂರು ಮೀಟರ್ ಇರುವಾಗ! ಮಾತು ತಪ್ಪಬಾರದೆಂದು ಗೆರೆಯ ಬಳಿ ಚೂರು ಬ್ರೇಕ್ ಮುಟ್ಟುವುದು ಎಲ್ಲರೂ ಮಾಡುವುದೇ. ನೂರು ಮೀಟರ್ ಮೊದಲು ಒತ್ತುವವನು ಗೆಲುವನ್ನು ಎದುರಾಳಿಯ ತಟ್ಟೆಗೆ ಹಾಕುತ್ತಿದ್ದಾನೆ ಎಂದೇ ಲೆಕ್ಕ. ವೆಲ್ಡರ್ ಅವನನ್ನು ದಾಟಿ ಗೆರೆ ಮುಟ್ಟಿದ. ಮೈಕಿನಲ್ಲಿ ಕ್ಷೌರದವನು ಅವನ ಹೆಸರು ಕೂಗುತ್ತಿದ್ದರೆ ಅವನ ಮೈ ಉರಿದುಹೋಯಿತು.

ಗಾಡಿ ನಿಲ್ಲಿಸಿ ಅವನು ಮುಳ್ಳಿನ ಬಳಿಗೆ ನಡೆದದ್ದೇನೋ ನಿಜ. ಬಾಗಿಲು ತೆಗೆಯಲಿಲ್ಲ. ಕಿಟಕಿಗೆ ಬಗ್ಗಿ, "ಭಿಕ್ಷೆ ಹಾಕ್ದೇನೋ? ನಾನು ಕೇಳಿದ್ನಾ?" ಎಂದ. ಒಂದು ಮಾತಿಗೆ ಹತ್ತು ಕೊಡುವ ಮುಳ್ಳು ಸ್ಟೀರಿಂಗ್ ಹಿಡಿದು ಸುಮ್ಮನೆ ಅವನ ಮುಖ ನೋಡಿದ. ಬಾಯಿ ತೆರೆದ, ಏನೂ ಹೇಳಲಿಲ್ಲ. ಅದನ್ನು ವೆಲ್ಡರ್ ತಪ್ಪೊಪ್ಪಿಗೆ ಎಂದುಕೊಂಡ. ಬೆನ್ನು ತಿರುಗಿಸಿ, ಬಹುಮಾನದ ಬಟ್ಟಲನ್ನೂ ತೆಗೆದುಕೊಳ್ಳದೆ ನೇರ ಮನೆಗೆ ಹೋದ.

ಆಮೇಲೆ ಮುಳ್ಳು ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದನೆಂದೂ ಬಿ.ಪಿ. ಜಾಸ್ತಿಯಾಗಿತ್ತೆಂದೂ ಕಿವಿಗೆ ಬಿತ್ತು. ಅಂಗಡಿ ಬಾಗಿಲು ಹಾಕಿತು. ನನ್ನ ಮುಖ ನೋಡಲಾಗದೆ ಮನೆ ಹಿಡಿದಿದ್ದಾನೆ ಎಂದು ವೆಲ್ಡರ್ ತನಗೆ ತಾನೇ ಹೇಳಿಕೊಂಡ. ಬರಲಿ, ಅವನೇ ಮೊದಲು ಬರಲಿ. ಹೀಗೆ ಬರಲಿ ಬರಲಿ ಎನ್ನುತ್ತಲೇ ಹತ್ತು ತಿಂಗಳು ಕಳೆದವು, ಬಂದದ್ದು ಸಾವಿನ ಸುದ್ದಿ. ಅಂತ್ಯಕ್ರಿಯೆಗೆ ಹೋಗಿ ಎಲ್ಲರ ಹಿಂದೆ ನಿಂತು, ಯಾರಿಗೂ ಮುಖ ಕೊಡದೆ ವಾಪಸಾಗಿದ್ದ.

ಈಗ ಅವನು ಕಂಬ ಬಿಟ್ಟು, ಸಮಯ ಎಣಿಸುವ ಯಂತ್ರವಿಟ್ಟ ಕೋಣೆಯ ಹಿಂದಿನ ನೆರಳಿಗೆ ನಡೆದ. ಮುಳ್ಳಿನ ಹೆಂಡತಿ ಅಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬಳೇ ಕೂತಿದ್ದಳು. ಶಾಲೆಯ ಯೂನಿಫಾರ್ಮ್ ಹೊಲಿದು ಹೊಲಿದು ಬೆರಳ ತುದಿ ಒರಟಾದ ಹೆಂಗಸು. ಇವನನ್ನು ಕಂಡು ಪಕ್ಕದ ಕುರ್ಚಿಯ ಧೂಳು ಒರೆಸಿದಳು.

ಅವನು ಕೂರಲಿಲ್ಲ. "ಅತ್ತಿಗೆ, ಒಂದು ಕೇಳ್ತೀನಿ, ನಿಜ ಹೇಳಿ. ಅವತ್ತು ಅವನು ಬೇಕೂಂತ ಬ್ರೇಕ್ ಹಾಕಿದ್ನಾ?"

"ಹೌದು, ಬೇಕೂಂತಲೇ" ಎಂದಳು.

ವೆಲ್ಡರ್ ಉಸಿರು ಬಿಟ್ಟ. ನಾಚಿಕೆಗೇಡಿನ ಮಾತು, ಅವನಿಗೆ ಒಂದು ಕ್ಷಣ ಹಗುರವೆನಿಸಿತು.

"ಅರ್ಧ ದಾರೀಲಿ ಬಲಗಾಲು ಬಲಗೈ ಎರಡೂ ಸತ್ತುಹೋಯ್ತಂತೆ" ಎಂದು ಆಕೆ ಮುಂದುವರಿಸಿದಳು. "ಪಾರ್ಶ್ವವಾಯು. ಕೈ ಭಾರಕ್ಕೆ ಸ್ಟೀರಿಂಗ್ ನಿಮ್ಮ ಕಡೆ ಎಳೀತಂತೆ. ನೀವು ಹಿಂದಿಂದ ಜೋರಾಗಿ ಬರ್ತಿದ್ರಿ. ಇನ್ನು ನಾಲ್ಕು ಗಜ ಎಳೆದ್ರೆ ನಿಮ್ಮ ಗಾಡಿಗೆ ಅಡ್ಡ. ಎಡಗಾಲು ಎತ್ತಿ ಬ್ರೇಕಿನ ಮೇಲಿಟ್ರಂತೆ. ಇದಿಷ್ಟನ್ನ ನನಗೆ ಹೇಳೋಕೆ ಅವರಿಗೆ ಮೂರು ತಿಂಗಳು ಬೇಕಾಯ್ತು. ನಾಲಿಗೆ ತಿರುಗ್ತಿರ್ಲಿಲ್ಲ."

ಕೋಣೆಯ ಆಚೆ ಯಾರೋ ಮುಳ್ಳಿನ ಇನ್ನೊಂದು ಜೋಕು ಹೇಳಿದರು, ಜನ ನಕ್ಕರು. ವೆಲ್ಡರ್ ಆ ಧೂಳು ಒರೆಸಿದ ಕುರ್ಚಿಯಲ್ಲಿ ಕೂತ.

"ನಾನು ಕಿಟಕಿ ಹತ್ರ ಹೋದಾಗ..."

"ಆಗಲೇ ಮಾತು ಹೋಗಿತ್ತು. ಅರ್ಧ ಗಂಟೆ ಗಾಡೀಲೇ ಕೂತಿದ್ರು. ನೀವಿಬ್ರೂ ಜಗಳ ಆಡ್ಕೊಂಡಿದ್ದೀರಿ, ತಣ್ಣಗಾಗ್ಲಿ ಅಂತ ಯಾರೂ ಹತ್ರ ಹೋಗಿಲ್ಲ. ನಾನೂ ಹೋಗಿಲ್ಲ."

"ಯಾಕೆ ಹೇಳ್ಲಿಲ್ಲ ಅತ್ತಿಗೆ? ಒಂದು ಮಾತು ಹೇಳಿ ಕಳಿಸಿದ್ರೆ ಓಡಿ ಬರ್ತಿದ್ನಲ್ಲ!"

"ಆಣೆ ಹಾಕಿಸ್ಕೊಂಡಿದ್ರು. ಕನಿಕರಪಟ್ಟು ಬರೋದು ಬೇಡ, ಬೈಯೋಕಾದ್ರೂ ಅವನಾಗೇ ಬರ್ಲಿ ಅಂತ. ಊರಿಗೂ ಬಿ.ಪಿ. ಅಂತಷ್ಟೇ ಹೇಳ್ಕೊಂಡ್ಬಂದೆ." ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ನಿಮ್ಮಿಬ್ಬರಲ್ಲಿ ಯಾರ ಹಟ ದೊಡ್ಡದೋ ನಾ ಕಾಣೆ."

ಕ್ಷೌರದವನು ಎರಡನೇ ಸಲ ಕರೆದ. ವೆಲ್ಡರ್ ಎದ್ದು ಹೋಗಿ ಮೈಕ್ ಹಿಡಿದ. ವಾರವಿಡೀ ಕೂತು ಕಟ್ಟಿಕೊಂಡಿದ್ದ ಎರಡು ತಮಾಷೆಯ ಪ್ರಸಂಗಗಳು ಜೇಬಿನ ಚೀಟಿಯಲ್ಲಿದ್ದವು. ಅದನ್ನು ತೆಗೆಯಲಿಲ್ಲ.

"ಕಳೆದ ವರ್ಷ ಗೆದ್ದೋನು ನಾನಲ್ಲ" ಎಂದ. "ಅವನಿಗೆ ಲಕ್ವ ಹೊಡೆದಿತ್ತು. ನನ್ ಗಾಡಿಗೆ ಬಡೀಬಾರ್ದು ಅಂತ ಬ್ರೇಕ್ ಹಾಕ್ದ. ನಾನು ಹೋಗಿ ಭಿಕ್ಷೆ ಹಾಕ್ದೆಯಾ ಅಂತ ಕೇಳ್ದೆ. ನಾನು ಅವನ ಬಾಗಿಲು ತೆಗೀಲಿಲ್ಲ. ತೆಗೆದಿದ್ರೆ ಅವನು ನನ್ ಮೈಮೇಲೆ ಬೀಳ್ತಿದ್ದ, ಆಗ ಗೊತ್ತಾಗ್ತಿತ್ತು. ಬೇಗ ಆಸ್ಪತ್ರೆಗೆ ಒಯ್ತಿದ್ವಿ. ಬಾಗಿಲು ತೆಗೀಲಿಲ್ಲ ನಾನು."

ಅವರೆಲ್ಲ ಆ ರೂಢಿ ಬಲ್ಲವರು. ಬೇಕರಿಯವನು ತಲೆ ತಗ್ಗಿಸಿದ. ಕ್ಷೌರದವನು ಮೆಲ್ಲಗೆ ಮೈಕ್ ತೆಗೆದುಕೊಂಡು, ಎರಡನೇ ಸುತ್ತು ಇನ್ನು ಹತ್ತು ನಿಮಿಷಕ್ಕೆ ಎಂದು ಹೇಳಿ, ಸ್ವಿಚ್ ಆರಿಸಿದ. ಒಂದೊಂದಾಗಿ ಇಂಜಿನ್ನುಗಳು ಶುರುವಾದವು.

ವೆಲ್ಡರ್ ಮತ್ತೆ ಆ ನೆರಳಿಗೆ ಬಂದ. ಕೇಳಬಾರದೆಂದುಕೊಂಡರೂ ಬಾಯಿಗೆ ಬಂದೇಬಿಟ್ಟಿತು. "ಕೊನೆಗಾಲದಲ್ಲಿ ನನ್ನ ಬಗ್ಗೆ ಏನಾದ್ರೂ ಅಂದ್ನಾ ಅತ್ತಿಗೆ? ಕ್ಷಮಿಸಿದ್ನಾ?"

ಸುಳ್ಳು ಹೇಳಿ ಸಂತೈಸುವ ಹೆಂಗಸಲ್ಲ ಆಕೆ. "ಕ್ಷಮೆಗಿಮೆ ಏನೂ ಅನ್ಲಿಲ್ಲ. ಮಾತೇ ಕಮ್ಮಿಯಾಗಿತ್ತಲ್ಲ. ಸಂಜೆಯಾದ್ರೆ ಕಿಟಕಿ ತೆಗೆಸಿ ಮಲಗೋರು. ರಸ್ತೇಲಿ ಯಾವ ಗಾಡಿ ಸದ್ದಾದ್ರೂ ಕಿವಿಗೊಟ್ಟು ಕೇಳಿ, 'ಅವನದಲ್ಲ' ಅನ್ನೋರು. ಇನ್ನೊಂದು ಬಂದ್ರೆ ಮತ್ತೆ 'ಅವನದಲ್ಲ'. ಅದೊಂದು ಮಾತು ಮಾತ್ರ ಸ್ಪಷ್ಟವಾಗಿ ಬರ್ತಿತ್ತು. ಒಂದು ದಿನ ಮಾತ್ರ 'ಅವನದು, ಅವನದು' ಅಂತ ಹಾಸಿಗೆ ಮೇಲೆ ಎದ್ದು ಕೂತ್ರು. ನಾನು ಹೊಲಿಗೆ ಬಿಟ್ಟು ಓಡಿಹೋಗಿ ನೋಡಿದ್ರೆ ರಸ್ತೆ ಖಾಲಿ. 'ನಿಮ್ಮ ಕಿವೀನೂ ಕೆಟ್ಟಿದೆ, ಸುಮ್ನೆ ಮಲಗಿ' ಅಂತ ಗದರಿಸ್ದೆ. ಮಾರನೇ ದಿನದಿಂದ ಕಿಟಕಿ ತೆಗೆಸಲೇ ಇಲ್ಲ."

"ಯಾವಾಗ ಇದು?"

"ಹೋಗೋಕೆ ಹದಿನೈದು ದಿನ ಮುಂಚೆ. ಒಂದು ಬುಧವಾರ."

ಆ ಬುಧವಾರದ ಸಂಗತಿಯನ್ನು ವೆಲ್ಡರ್ ತನ್ನ ಹೆಂಡತಿಗೂ ಹೇಳಿರಲಿಲ್ಲ.

"ನಾನೇ ಅತ್ತಿಗೆ ಅದು" ಎಂದ. "ಬೀದಿ ತಿರುವಿನವರೆಗೆ ಬಂದಿದ್ದೆ. ಇಂಜಿನ್ ಆರಿಸದೆ ಐದು ನಿಮಿಷ ನಿಂತೆ. ಆಮೇಲೆ ಮೊದ್ಲು ನಾನ್ಯಾಕೆ ಹೋಗ್ಬೇಕು ಅನ್ನಿಸ್ತು. ತಿರುಗಿಸ್ಕೊಂಡು ಹೋದೆ."

ಗಂಡ ಸತ್ತ ದಿನವೂ ಕಣ್ಣು ಒದ್ದೆ ಮಾಡಿಕೊಳ್ಳದ ಆಕೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಹಾಗಾದ್ರೆ ಅವರು ಸರಿಯಾಗೇ ಹೇಳಿದ್ರು" ಎಂದಳು. "ನಾನು ಸುಮ್ನೆ ಗದರಿಸ್ಬಿಟ್ಟೆ."