ಅರವತ್ತೆರಡಕ್ಕೆ ಎರಡು ಕಡಿಮೆ

ನನ್ನ ಗಂಡ ನಿತ್ಯಗೋಪಾಲ ಮೈತಿ ಭೂಗೋಳದ ಮಾಸ್ತರು. ಗಾಳಿ ಎದ್ದರೆ ನಮ್ಮ ದ್ವೀಪದ ಜನ ನದಿ ನೋಡುತ್ತಾರೆ, ಇವರು ಪುಸ್ತಕ ನೋಡುತ್ತಾರೆ. ಆ ಪುಸ್ತಕ ಬರೆದವರೂ ಇವರೇ: ‘ಭೂಗೋಳ ಮತ್ತು ವಿಪತ್ತು ನಿರ್ವಹಣೆ, ಖಂಡಿತ ಬರುವ ಪ್ರಶ್ನೆಗಳು’. ಪ್ರವಾಹವೇನೋ ಖಂಡಿತ ಬರುತ್ತದೆ, ಪ್ರಶ್ನೆಗಳು ಮಾತ್ರ ಪರೀಕ್ಷೆಯಲ್ಲಿ ಈವರೆಗೆ ಬಂದಿಲ್ಲ. ಮಾರಾಟವಾಗದ ಪ್ರತಿಗಳ ಮೇಲೆಯೇ ನಾವು ಮಂಚ ಹಾಕಿಕೊಂಡಿದ್ದೇವೆ.

ಮನೆಪಾಠಕ್ಕೆ ಹತ್ತನೇ ತರಗತಿಯ ಎಂಟು ಮಕ್ಕಳು ಬರುತ್ತಿದ್ದರು. ಅವರಿಗೆ ಇವರು ಮಾಸ್ಟರ್‌ಮಶಾಯ್, ನಾನು ಕಾಕಿಮಾ, ಅಂದರೆ ಚಿಕ್ಕಮ್ಮ. ಬೆಳಿಗ್ಗೆ ಏಳಕ್ಕೆ ಜಗಲಿಯಲ್ಲಿ ಚಾಪೆ. ಜಗಲಿಯಿಂದ ಇಪ್ಪತ್ತು ಹೆಜ್ಜೆಗೆ ನದಿಯ ಮಣ್ಣಿನ ಒಡ್ಡು. ಸಮುದ್ರ ಹತ್ತಿರವಾದ್ದರಿಂದ ಉಬ್ಬರದ ಹೊತ್ತಿನಲ್ಲಿ ಒಡ್ಡಿನಾಚೆಯ ಉಪ್ಪು ನೀರು ನಮ್ಮ ಜಗಲಿಗಿಂತ ಎತ್ತರದಲ್ಲಿರುತ್ತದೆ. ಆ ಎಂಟು ಜನರ ತಾಯಂದಿರು ನನ್ನನ್ನು ನಂಬಿ ಕಳಿಸುತ್ತಿದ್ದರೋ ಮಾಸ್ತರನ್ನು ನಂಬಿಯೋ, ನಾನು ಕೇಳಿಲ್ಲ.

ಆ ಹುಣ್ಣಿಮೆಯ ದಿನ ಬೆಳಗಾಗುತ್ತಲೇ ಪಾತ್ರೆ ತಿಕ್ಕಲು ನದಿಯ ಮೆಟ್ಟಿಲಿಗೆ ಹೋದೆ. ಇಳಿತದ ಹೊತ್ತು. ಕೆಸರು ಕಾಣಬೇಕು, ಅದರಲ್ಲಿ ಏಡಿ ಓಡಾಡಬೇಕು. ನೋಡಿದರೆ ಕೆಳಗಿನ ಐದು ಮೆಟ್ಟಿಲು ಇನ್ನೂ ನೀರಲ್ಲೇ ಇದ್ದವು. ಮೂಡಣ ಗಾಳಿ ನೀರನ್ನು ಸಮುದ್ರಕ್ಕೆ ಮರಳಲು ಬಿಟ್ಟಿರಲಿಲ್ಲ. ಹಳೇ ನೀರು ಹೀಗೆ ಕದಲದೆ ಕೂತಿರುವಾಗ, ಹತ್ತು ಗಂಟೆಗೆ ಅದರ ಮೇಲೆ ಹುಣ್ಣಿಮೆಯ ಉಬ್ಬರವೂ ಬಂದು ಏರಿದರೆ ಒಡ್ಡು ನಿಲ್ಲುತ್ತದೆಯೇ? ಪಾತ್ರೆಗಳನ್ನು ಅಲ್ಲೇ ಬಿಟ್ಟೆ.

ಓಡಿ ಬರುವಷ್ಟರಲ್ಲಿ ಪಾಠ ಶುರುವಾಗಿತ್ತು.

“ಏನ್ರೀ, ಇವತ್ತು ಪಾಠ ಬಿಡಿ. ಇಳಿತದಲ್ಲಿ ನೀರೇ ಇಳಿದಿಲ್ಲ. ಮಕ್ಕಳನ್ನ ಸ್ಕೂಲಿನ ಮಹಡಿಗೆ ಕರ್ಕೊಂಡು ಹೋಗೋಣ.”

ಇವರು ಮೊಬೈಲ್ ಎತ್ತಿ ತೋರಿಸಿದರು. “ಹಳದಿ ಎಚ್ಚರಿಕೆ ಕಣೇ. ಗಾಳಿ ಗಂಟೆಗೆ ಅರವತ್ತು ಕಿಲೋಮೀಟರು. ಅರವತ್ತೆರಡು ಮುಟ್ಟದೆ ಚಂಡಮಾರುತ ಅನ್ನೋ ಹಾಗಿಲ್ಲ. ಇದು ಬರೀ ಆಳವಾದ ವಾಯುಭಾರ ಕುಸಿತ.”

“ಮುಳುಗೋರಿಗೆ ಯಾವ ಹೆಸರಾದ್ರೇನು?”

“ಹೆಸರು ತಪ್ಪಿದ್ರೆ ಎರಡು ಅಂಕ ಹೋಗುತ್ತೆ. ನೀನು ಒಳಗೆ ಹೋಗಿ ಮಂಡಕ್ಕಿ ಕಲಸು.”

ಕಲಸಿದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಆ ಮಂಡಕ್ಕಿ.

ಒಂಬತ್ತರ ಹೊತ್ತಿಗೆ ಒಡ್ಡಿನ ಏಡಿ ಬಿಲಗಳಿಂದ ನೀರು ಜಿನುಗಿ ಅಂಗಳಕ್ಕಿಳಿಯಿತು. ಕಾಜೋಲಿ ಗಾಯೆನ್ ಎಂಬ ಹುಡುಗಿ ಎದ್ದು ನಿಂತಳು. “ಮಾಸ್ಟರ್‌ಮಶಾಯ್, ನೀರು ಬಂತು.”

“ಉಬ್ಬರ ಇಳಿತ ನಾಲ್ಕನೇ ಅಧ್ಯಾಯ. ನಾವಿನ್ನೂ ಎರಡರಲ್ಲಿದ್ದೀವಿ. ಕೂತ್ಕೋ.”

“ಮಳೆ ನೀರಿರಬಹುದು ಬಿಡೇ,” ಎಂದನೊಬ್ಬ. ಕಾಜೋಲಿ ಕೂರಲಿಲ್ಲ. ಅಂಗಳಕ್ಕಿಳಿದು ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡು ನನ್ನ ಮುಖ ನೋಡಿದಳು. “ಉಪ್ಪು, ಕಾಕಿಮಾ.”

ನನ್ನ ಬಾಯಿಂದ ಏನೇನು ಬಂತೋ, ಎಲ್ಲವನ್ನೂ ಬರೆಯಲಾಗದು. “ಏಳ್ರೋ! ಪುಸ್ತಕ ಅಲ್ಲೇ ಬಿಡ್ರಿ! ಅವರ ಮುಖ ಏನ್ ನೋಡ್ತೀರ, ಅವರೇನು ದೋಣೀನಾ?” ಕೊಟ್ಟಿಗೆಯಿಂದ ನಮ್ಮ ಹಸು ಮುಂಗ್ಲಿಯನ್ನು ಬಿಚ್ಚಿ ಹಗ್ಗವನ್ನು ಕಾಜೋಲಿಯ ಕೈಗೆ ಕೊಟ್ಟೆ. ನೀರಡಿ ಕಾಣದ ದಾರಿ ಹಸುವಿನ ಕಾಲಿಗೆ ತಿಳಿಯುತ್ತದೆ. “ಹಸು ಮುಂದೆ, ನೀವು ಹಿಂದೆ. ಯಾರಾದ್ರೂ ನಿಂತ್ರೆ ಕಾಲು ಮುರೀತೀನಿ!”

ಇವರು ಬರಲಿಲ್ಲ. ಮಂಚದಡಿಯ ಪುಸ್ತಕಗಳನ್ನು ಅಟ್ಟಕ್ಕೇರಿಸಬೇಕಂತೆ.

ಹತ್ತೂಕಾಲಿಗೆ ಒಡ್ಡು ಒಡೆಯಿತು. ಸ್ಕೂಲಿನ ಮಹಡಿಯಿಂದ ನೋಡಿದರೆ ನಮ್ಮ ಜಗಲಿಯೇ ಇರಲಿಲ್ಲ, ಹುಲ್ಲಿನ ಸೂರು ಮಾತ್ರ ಕಾಣುತ್ತಿತ್ತು. ಎಂಟು ತಲೆಗಳನ್ನು ಮೂರು ಸಲ ಎಣಿಸಿ ಜೋರಾಗಿ ಅತ್ತುಬಿಟ್ಟೆ. ಸೂರಿನ ಮೇಲೆ ಕೂತಿದ್ದ ಯಜಮಾನರನ್ನು ದೋಣಿಯವರು ಮಧ್ಯಾಹ್ನ ತಂದಿಳಿಸಿದರು. ಬದುಕಿ ಬಂದರಲ್ಲಾ ಎಂದು ಅಪ್ಪಿಕೊಳ್ಳಲು ಹೋದೆ.

“ನೋಡಿದ್ಯಾ? ಗಾಳಿ ಕೊನೇವರೆಗೂ ಅರವತ್ತೊಂದು ದಾಟಲಿಲ್ಲ,” ಎಂದರು.

ನೀರಿಳಿದು ಮೂರು ವಾರಕ್ಕೆ ಪಾಠ ಮತ್ತೆ ಶುರುವಾಯಿತು. ಮೊದಲ ದಿನವೇ ಕಿರುಪರೀಕ್ಷೆ: ‘ನಮ್ಮೂರಿನಲ್ಲಿ ನಡೆದ ವಿಪತ್ತು ನಿರ್ವಹಣೆಯನ್ನು ವಿವರಿಸಿ. ಐದು ಅಂಕ’. ಇವರ ಮಾದರಿ ಉತ್ತರದಲ್ಲಿ ಮುನ್ನೆಚ್ಚರಿಕೆ, ಯೋಜನೆ, ತರಬೇತಿ ಪಡೆದ ಶಿಕ್ಷಕರ ನಾಯಕತ್ವ, ಜಾನುವಾರು ರಕ್ಷಣೆ, ಸಮುದಾಯದ ಸಹಕಾರ ಎಂದಿತ್ತು. ಮುಂಗ್ಲಿಗೆ ನಾಲ್ಕನೇ ಸ್ಥಾನ. ನನ್ನನ್ನು ಸಮುದಾಯದಲ್ಲಿ ಸೇರಿಸಿರಬೇಕು.

ಕಾಜೋಲಿ ತನ್ನ ಹಾಳೆಯನ್ನು ಅಡುಗೆಮನೆಗೆ ತಂದು ತೋರಿಸಿದಳು. ‘ನೀರಿನ ರುಚಿ ನೋಡಿದೆ. ಉಪ್ಪಿತ್ತು. ಕಾಕಿಮಾ ಬೈದರು. ಓಡಿದೆವು’ ಎಂದಷ್ಟೇ ಬರೆದಿದ್ದಳು. ಮೇಲೆ ಕೆಂಪು ಶಾಯಿಯ ಸೊನ್ನೆ. ಪಕ್ಕದಲ್ಲಿ ‘ಪಠ್ಯದಲ್ಲಿಲ್ಲ’ ಎಂಬ ಷರಾ.

ನನಗೆ ಮೈಯೆಲ್ಲ ಉರಿಯಿತು. ಸೌಟು ಹಿಡಿದೇ ಎದ್ದೆ. “ಇರು, ನಾನು ಕೇಳ್ತೀನಿ ಅವರನ್ನ.”

ಅವಳು ನನ್ನ ಸೆರಗು ಹಿಡಿದು ಕೂರಿಸಿದಳು. ಕಿಟಕಿಯಾಚೆ ಒಡೆದ ಒಡ್ಡನ್ನು ಬಿದಿರು ನೆಟ್ಟು ಮಣ್ಣಿನ ಮೂಟೆ ಇಟ್ಟು ಮುಚ್ಚಿದ್ದರು, ಅಷ್ಟೇ.

“ಬೇಡ ಕಾಕಿಮಾ. ಐದು ಅಂಕ ಹೋದ್ರೆ ಹೋಗ್ಲಿ. ಮುಂದಿನ ಸಲ ಮಾತ್ರ ಮಂಡಕ್ಕಿ ಕಲಸೋಕೆ ಮುಂಚೇನೇ ಬೈದುಬಿಡಿ.”